ಏಳು ಸೂತ್ರ, ಒಂಬತ್ತು ಬೆಳೆ

"ಹುಳುಮನೆಯ ಪರದೆಯನ್ನು ಎಷ್ಟು ಎತ್ತಬೇಕೆಂದು ಹೇಳಲು ನಿಮ್ಮ ಏಳು ಸೂತ್ರ ಸಾಕೇ ಅಮ್ಮಾ, ಇಲ್ಲ ನನ್ನ ಇನ್ನೂರ ಹನ್ನೆರಡು ಬೇಕೇ?" ಎಂದು ಶೈಲಶ್ರೀ ಕೇಳಿದಳು.

ಕೇಳಿದ್ದು ಪಂಕಜಾಕ್ಷಮ್ಮನವರನ್ನು. ರೇಷ್ಮೆಹುಳು ಸಾಕುವುದರಲ್ಲಿ ಸುತ್ತಿನ ನಲವತ್ತು ಮನೆಗಳಿಗೆ ಅವರೇ ಗುರು. ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಬಿ.ಎಸ್ಸಿ. ಮುಗಿಸಿದವರು. ಹನ್ನೊಂದು ವರ್ಷ ಹುಳುಮನೆಯ ಶೆಖೆ, ತೇವ, ಪರದೆಯ ಎತ್ತರ ಮೂರನ್ನೂ ಒಂದು ದಿನ ಬಿಡದೆ ದಿನಚರಿಯಲ್ಲಿ ಬರೆದಿಟ್ಟವರು. ಶೈಲಶ್ರೀ ಅವರ ಬಳಿ ಎರಡು ವರ್ಷ ಕಲಿತು, ಆ ದಿನಚರಿಗಳನ್ನೇ ಓದಿಸಿ ಒಂದು ಯಂತ್ರ ಮಾಡಿದ್ದಳು. ಯಂತ್ರ ತಾನಾಗಿ ಇನ್ನೂರ ಹನ್ನೆರಡು ಸೂತ್ರ ಕಲಿತು ತಾನಾಗಿ ಪರದೆ ಎತ್ತುತ್ತಿತ್ತು. ಮರುದಿನ ಅದನ್ನು ನಲವತ್ತು ಮನೆಗಳಿಗೂ ಕೊಡುವುದೆಂದು ನಿಶ್ಚಯವಾಗಿತ್ತು. ಅಲ್ಲಿನ ಹುಳುಗಳು ಗೂಡು ಕಟ್ಟಲು ಇನ್ನೊಂದು ವಾರವಿತ್ತು.

ಹನ್ನೊಂದು ವರ್ಷದ ಬರಹಕ್ಕೆ ಹೋಲಿಸಿ ನೋಡಿದ್ದೇನೆ, ಯಂತ್ರ ಒಂದು ದಿನವೂ ತಪ್ಪಿಲ್ಲ ಎಂದು ಶೈಲಶ್ರೀ ಹೇಳಿದಳು. ಹೇಳುವಾಗ ಹೆಮ್ಮೆಯನ್ನು ಬಚ್ಚಿಡಲಿಲ್ಲ. ಬಚ್ಚಿಡಬೇಕೆಂದು ಅವಳ ಗುರು ಕಲಿಸಿಯೂ ಇರಲಿಲ್ಲ.

ಪಂಕಜಾಕ್ಷಮ್ಮ ಮೊದಲ ದಿನಚರಿ ತೆರೆದರು. ೧೯೭೪ ಜುಲೈ ೯, ಮಂಗಳವಾರ. "ಪರದೆ ಹದಿನಾಲ್ಕು ಸಲ ಎತ್ತಿದೆ, ಹದಿನಾಲ್ಕು ಸಲ ಇಳಿಸಿದೆ" ಎಂದಷ್ಟೇ ಆ ಪುಟದಲ್ಲಿತ್ತು. ಅದನ್ನು ಓದಿ ಈ ಕತೆ ಹೇಳಿದರು.

ಒಬ್ಬ ರೈತನ ಮನೆಗೆ ಓದಿದ ಸೊಸೆ ಬಂದಳು. ಅತ್ತೆ ಹುಳು ಸಾಕುತ್ತಿದ್ದಳು. ಕಿಟಕಿಗೆ ಒದ್ದೆ ಗೋಣಿಯ ಪರದೆ. ತೇವ ಹೆಚ್ಚಾದರೆ ಹುಳುಗಳಿಗೆ ಮೈ ಬೆಳ್ಳಗೆ ಗಟ್ಟಿಯಾಗುವ ಸುಣ್ಣಕಟ್ಟು ರೋಗ ಬರುತ್ತದೆ. ಒಣಗಿದರೆ ಸೊಪ್ಪು ಬಾಡಿ ಹುಳು ಬಾಯಿ ಹಾಕುವುದಿಲ್ಲ. ಅತ್ತೆ ಒಳಗೆ ಬಂದು ಒಂದು ಗಳಿಗೆ ಸುಮ್ಮನೆ ನಿಂತು, ಪರದೆಯನ್ನು ಅಷ್ಟಿಷ್ಟು ಎತ್ತುತ್ತಿದ್ದಳು. ಎಷ್ಟು ಎಂದು ಕೇಳಿದರೆ ಹೇಳಲು ಬಾರದು.

ಸೊಸೆಗೆ ಇದು ಸರಿಬೀಳಲಿಲ್ಲ. ತೇವ ಅಳೆಯುವ ಮಾಪಕ ತಂದು, ಒಂದು ಅಂಕಿಯ ಮೇಲೆ ಗೆರೆ ಎಳೆದಳು. ಮುಳ್ಳು ಗೆರೆ ದಾಟಿದರೆ ಪರದೆ ಪೂರ್ತಿ ಮೇಲೆ, ದಾಟದಿದ್ದರೆ ಪೂರ್ತಿ ಕೆಳಗೆ. ಸೋನೆ ಹಿಡಿದ ಒಂದು ದಿನ ಮುಳ್ಳು ಗೆರೆಯ ಮೇಲೆಯೇ ಆಚೀಚೆ ಆಡಿತು. ಸೊಸೆ ಹಗಲೆಲ್ಲ ಪರದೆಯನ್ನು ಎತ್ತಿ ಇಳಿಸಿದಳು. ವಾರದೊಳಗೆ ಹುಳುಗಳು ಬೆಳ್ಳಗೆ ಸೆಟೆದು ಬಿದ್ದವು.

ಅತ್ತೆ ಹೇಳಿದಳು: "ಅಷ್ಟು ವರ್ಷ ಓದಿ ಎರಡೇ ಮಾತು ಕಲಿತು ಬಂದೆಯಾ ತಾಯಿ, ಹೌದು ಮತ್ತು ಇಲ್ಲ? ಹುಳಕ್ಕೆ ಬೇಕಾದದ್ದೆಲ್ಲ ಆ ಎರಡರ ನಡುವೆ ಇದೆ."

ಅಂದಿನಿಂದ ಸೊಸೆ ಆಣೆಯ ಲೆಕ್ಕದಲ್ಲಿ ಬರೆಯತೊಡಗಿದಳು. ಹದಿನಾರಾಣೆ ಎಂದರೆ ಪೂರ್ತಿ. ಇಂದು ಮನೆ ಹತ್ತಾಣೆ ತೇವ, ಆರಾಣೆ ಹದ. ತೇವದ ಸೂತ್ರ ಪರದೆ ಎತ್ತು ಎನ್ನುತ್ತದೆ. ಹದದ ಸೂತ್ರ ಅರ್ಧಕ್ಕೆ ಬಿಡು ಎನ್ನುತ್ತದೆ. ಎರಡರ ಮಾತನ್ನೂ ಅದರದರ ಪಾಲಿನಷ್ಟು ಕೇಳಿ ಪರದೆಯನ್ನು ನಿಲ್ಲಿಸುತ್ತಿದ್ದಳು. ಬೆಳೆ, ಎಂದರೆ ಒಂದು ಸಲಕ್ಕೆ ಸಾಕಿದ ಹುಳುವೆಲ್ಲ, ಹೋದರೆ, ಯಾವ ಸೂತ್ರದ ಮಾತು ಎಷ್ಟಾಣೆ ನಡೆದಿತ್ತೋ ಅದಕ್ಕೆ ಅಷ್ಟಾಣೆ ದೋಷ. ದೋಷವನ್ನು ಪುಟದ ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದು, ಸೂತ್ರವನ್ನು ಅಷ್ಟೇ ತಿದ್ದುತ್ತಿದ್ದಳು. ಹುಳಕ್ಕಿಂತ ದಿನಚರಿಯೇ ದಪ್ಪವಾಗುತ್ತಿದೆ ಎಂದು ನೆರೆಯವರು ನಕ್ಕರು.

ಮೊದಲು ಐವತ್ತಮೂರು ಸೂತ್ರಗಳಿದ್ದವು. ಒಂದೇ ಮಾತನ್ನು ಎರಡು ಸಲ ಹೇಳುವುದನ್ನು ಹೊಡೆದುಹಾಕಿದಳು. ವರ್ಷಗಟ್ಟಲೆ ಬಾಯಿ ಬಿಡದೆ ಕೂತದ್ದನ್ನೂ ಹೊಡೆದುಹಾಕಿದಳು. ಏಳು ಉಳಿದವು. ಅವನ್ನು ಅತ್ತೆಗೆ ಓದಿ ಹೇಳಿದಳು. ಅಕ್ಷರ ಬಾರದ ಅತ್ತೆ ಏಳನ್ನೂ ಕೇಳಿ, "ಇದು ನನ್ನ ಕೈಯೇ" ಎಂದಳು. ಆಮೇಲೆ ಆ ಮನೆಯಲ್ಲಿ ಒಂದು ಬೆಳೆಯೂ ಹೋಗಲಿಲ್ಲ.

ಕತೆ ಮುಗಿಯಿತು. ಪಂಕಜಾಕ್ಷಮ್ಮ ಒಂದು ಪುಟದ ಅಂಚಿನ ಕೆಂಪು ಬರಹದ ಮೇಲೆ ಬೆರಳಿಟ್ಟು, ಇದನ್ನೂ ಯಂತ್ರಕ್ಕೆ ಓದಿಸಿದೆಯಾ ಎಂದು ಕೇಳಿದರು.

ಇಲ್ಲ ಎಂದಳು ಶೈಲಶ್ರೀ. ಅದು ನೀವು ನಿಮ್ಮನ್ನೇ ಬೈದುಕೊಂಡದ್ದೆಂದು ಬಿಟ್ಟುಬಿಟ್ಟೆ, ಶೆಖೆ, ತೇವ, ಪರದೆ ಮೂರನ್ನೇ ಕೊಟ್ಟೆ ಎಂದಳು. ಯಾವ ದಿನದ ಪರದೆಯಿಂದ ಬೆಳೆ ಹೋಯಿತೆಂಬುದು ಯಂತ್ರಕ್ಕೆ ಗೊತ್ತೇ ಇರಲಿಲ್ಲ.

ಪಂಕಜಾಕ್ಷಮ್ಮ ದಿನಚರಿಯನ್ನು ಅವಳ ಕಡೆಗೆ ತಿರುಗಿಸಿದರು.

"ಈ ಏಳಕ್ಕೆ ನಾನು ತೆತ್ತದ್ದು ಒಂಬತ್ತು ಬೆಳೆ, ಮಗಳೇ, ಒಂದು ದಿನವೂ ತಪ್ಪದ ನಿನ್ನ ಯಂತ್ರ ಆ ಒಂಬತ್ತನ್ನೂ ನನ್ನಂತೆಯೇ ಕಳೆಯುತ್ತದೆ."