ಬೀದಿ ಗುಡಿಸುವ ಪ್ಯಾಂಟು

ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವನಿಗೆಂದು ವನಜಾಕ್ಷಮ್ಮ ಕಟ್ಟಿಟ್ಟ ಗಂಟಿನೊಳಗೆ ಏನು ನಡೆಯಿತು, ಹೇಳಿ ನೋಡೋಣ. ಅವರ ಯಜಮಾನರು ಕಾಲೇಜಿಗೆ ಹಾಕುತ್ತಿದ್ದ ಬೆಲ್‌ಬಾಟಮ್ ಪ್ಯಾಂಟಿನ ಪಕ್ಕಕ್ಕೆ ಮಂಡಿ ಹರಿದ ಜೀನ್ಸ್ ಒಂದು ಬಂದು ಬಿತ್ತು.

“ಅಯ್ಯೋ ಮಗು, ಇಷ್ಟು ಹರಿಯುವವರೆಗೆ ನಿನ್ನನ್ನು ಯಾರು ದುಡಿಸಿದರು?” ಎಂದು ಬೆಲ್‌ಬಾಟಮ್ ಮರುಗಿತು.

“ಹರಿದದ್ದಲ್ಲ ಅಜ್ಜ, ನನ್ನನ್ನು ಹೊಲಿದದ್ದೇ ಹೀಗೆ. ಸಿಂಚನ ಮೊನ್ನೆ ತಾನೇ ತಂದಳು. ಅವಳ ಅಜ್ಜಿ ಚಿಂದಿ ಎಂದುಕೊಂಡು ಗಂಟಿಗೆ ಹಾಕಿಬಿಟ್ಟರು.”

ಕಾಲ ಕೆಟ್ಟಿತು ಎನ್ನಲು ಬೆಲ್‌ಬಾಟಮ್ ಬಾಯಿ ತೆರೆಯಿತು. ಅಷ್ಟರಲ್ಲಿ, ತನ್ನನ್ನು ಮೊದಲ ಸಲ ಹಾಕಿಕೊಂಡ ದಿನ ಯಜಮಾನರ ಅಪ್ಪ ಕೇಳಿದ್ದು ನೆನಪಾಯಿತು: “ಏನೋ, ಬೀದಿ ಗುಡಿಸಿಕೊಂಡು ಬಂದೆಯಾ?” ಅದಕ್ಕೆ ನಗು ಬಂತು. ತನ್ನ ಅಗಲವಾದ ಕಾಲನ್ನು ಗಂಟಿನ ಸಂದಿಯಿಂದ ಮೆಲ್ಲಗೆ ಹೊರಕ್ಕೆ ಚಾಚಿತು.

ಜೀನ್ಸ್ ಹುಡುಕುತ್ತಾ ಬಂದ ಸಿಂಚನ ಆ ಕಾಲನ್ನು ಎಡವಿದಳು. ಗಂಟು ಬಿಚ್ಚಿ ಎರಡನ್ನೂ ಎತ್ತಿಕೊಂಡಳು. ಜೀನ್ಸನ್ನು ಕಪಾಟಿನಲ್ಲಿಟ್ಟು, ತಾತನ ಪ್ಯಾಂಟಿಗೆ ಬೆಲ್ಟು ಬಿಗಿದು ಹೊರಟೇಬಿಟ್ಟಳು.

“ನಿಧಾನವಾಗಿ ಗುಡಿಸಿ ಅಜ್ಜ, ಬೀದಿ ಉದ್ದ ಇದೆ,” ಎಂದಿತು ಜೀನ್ಸ್.

ಅಂದು 2025ನೇ ಇಸವಿ ಜೂನ್ 16, ಸೋಮವಾರ. ಸಿಂಚನಳ ಕಾಲೇಜಿನ ಮೊದಲ ದಿನ.