ಕತ್ತರಿಸಿದ ಮೇಲೂ ಬೆಳೆಯುವ ಹೂವು

ಲೋಕ ಇನ್ನೂ ಹಸಿಯಾಗಿದ್ದ ಕಾಲ ಅದು, ಮಗು. ಬೆಟ್ಟಗಳು ಆಗಷ್ಟೇ ಎದ್ದು ನಿಂತಿದ್ದವು. ಯಾವ ಕಡೆ ಹರಿಯಬೇಕೆಂದು ಹೊಳೆಗಳಿಗೆ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. ಗಾಳಿಗೆ ಓಡುವುದು ಬರುತ್ತಿತ್ತು, ನಿಲ್ಲುವುದು ಬರುತ್ತಿರಲಿಲ್ಲ.

ಆಗ ಯಾರೂ ಹೂವು ಕೀಳುತ್ತಿರಲಿಲ್ಲ. ಕೀಳಬಾರದೆಂದು ಯಾರೂ ಹೇಳಿರಲಿಲ್ಲ. ಕಿತ್ತು ಪ್ರಯೋಜನವಿರಲಿಲ್ಲ, ಅಷ್ಟೇ. ಭೂಮಿತಾಯಿ ತನ್ನನ್ನು ಹಿಡಿದುಕೊಂಡವರಿಗೆ ಮಾತ್ರ ಉಣಿಸುತ್ತಿದ್ದಳು. ಮೊಗ್ಗಾಗಿ ಕಿತ್ತದ್ದು ಮೊಗ್ಗಾಗಿಯೇ ಒಣಗುತ್ತಿತ್ತು. ಅರಳಿದ್ದನ್ನು ಕಿತ್ತರೆ ಮನೆ ತಲುಪುವ ಮೊದಲೇ ಬಾಡುತ್ತಿತ್ತು.

ಹಿಮದ ಬೆಟ್ಟಗಳ ಕೆಳಗೆ ಒಂದು ಕಣಿವೆ. ಆ ಕಣಿವೆಯಲ್ಲಿ ಕೆಂಚವ್ವ ಎಂಬ ತಾಯಿ, ಚೆಲುವಿ ಎಂಬ ಅವಳ ಮಗಳು. ಆಗಿನ ಮನೆಗಳಿಗೆ ಕಿಟಕಿ ಇರುತ್ತಿರಲಿಲ್ಲ. ಹೊಗೆ ಹೋಗಲು ಮಾಡಿನಲ್ಲಿ ಒಂದು ಕಿಂಡಿ ಇತ್ತು. ಒಳಗೆ ಬರುವ ಬೆಳಕೂ ಅಲ್ಲಿಂದಲೇ ಬರಬೇಕಿತ್ತು.

ಚಳಿ ಶುರುವಾಗುವ ಮೊದಲು ಕೆಂಚವ್ವ ಬೆಟ್ಟದಿಂದ ಒಂದು ಗೆಡ್ಡೆ ತಂದಳು. ತೆಳ್ಳಗಿನ ಕಂದು ಸಿಪ್ಪೆ, ದುಂಡು ಹೊಟ್ಟೆ, ಚೂಪು ತುದಿ. ಚೆಲುವಿ ಈರುಳ್ಳಿ ಎಂದುಕೊಂಡು ಮೂಸಿ ನೋಡಿದಳು. ಕಣ್ಣಲ್ಲಿ ನೀರು ಬರಲಿಲ್ಲವೆಂದು ಮುಖ ಗಂಟಿಕ್ಕಿದಳು. ಇದರೊಳಗೆ ಹೂವು ಮಲಗಿದೆ, ತಲೆಯ ಮೇಲೆ ಹಿಮ ಬಿದ್ದರೆ ಮಾತ್ರ ಅದಕ್ಕೆ ಎಚ್ಚರವಾಗುವುದು ಎಂದು ತಾಯಿ ವಿವರಿಸಿದಳು. ಒಂದು ಗೇಣು ಆಳದಲ್ಲಿ, ತುದಿ ಮೇಲೆ ಮಾಡಿ ಇಡಬೇಕು ಎಂದಳು.

"ತಲೆಕೆಳಗಾಗಿ ಇಟ್ಟರೆ ಹೂವು ಪಾತಾಳದಲ್ಲಿ ಅರಳುತ್ತಾ, ಅವ್ವಾ?"

"ಅರಳಿದರೆ ಅಲ್ಲಿಯವರು ನೋಡಿಕೊಳ್ಳುತ್ತಾರೆ. ನೀನು ನೆಟ್ಟಗೆ ಇಡು."

ಚೆಲುವಿ ನೆಟ್ಟಗೆ ಇಟ್ಟಳು. ಮಣ್ಣು ಮುಚ್ಚಿ, ಎರಡೂ ಅಂಗೈಗಳಿಂದ ತಟ್ಟಿದಳು.

ಆಮೇಲೆ ಹಿಮ ಬಿತ್ತು. ಹಿಮದ ಜೊತೆಗೆ ಚೆಲುವಿಯ ಎದೆಗೆ ಕಾಯಿಲೆ ಬಂತು. ಚಳಿಗಾಲ ತಿರುಗಿದರೂ ಅವಳು ಹಾಸಿಗೆಯಿಂದ ಏಳಲಿಲ್ಲ. ಕಣಿವೆಯ ಹಿರಿಯರು ತಮಗೆ ತಿಳಿದ ಮದ್ದುಗಳನ್ನೆಲ್ಲ ಅರೆದು ಕೊಟ್ಟರು. ಒಳಗೆ ಬರುವಾಗ ಜೋರಾಗಿ ಮಾತಾಡುತ್ತಿದ್ದವರು ಹೊರಗೆ ಹೋಗುವಾಗ ಮೆಲ್ಲಗೆ ಮಾತಾಡುತ್ತಿದ್ದರು. ತಾಯಿಗೆ ಅರ್ಥವಾಯಿತು. ಮಗಳಿಗೂ ಅರ್ಥವಾಗಿತ್ತು.

ಚೆಲುವಿ ದಿನವೂ ಒಂದನ್ನೇ ಕೇಳುತ್ತಿದ್ದಳು, ತನ್ನ ಹೂವು ಬಂತೇ ಎಂದು.

ಎಲೆಗಳು ಬಂದಿದ್ದವು. ಅಗಲವಾದ, ಬೂದಿ ಬಳಿದಂಥ ಹಸಿರು ಎಲೆಗಳು. ಅವುಗಳ ನಡುವೆ ಒಂದು ಮೊಗ್ಗು, ಅದೂ ಹಸಿರು, ಬಿಗಿಯಾಗಿ ಮುಚ್ಚಿದ್ದು. ಚಳಿ ಬಿಡದೆ ಅದು ಅರಳುವಂತಿರಲಿಲ್ಲ. ಒಂದು ದಿನ ಕೆಂಚವ್ವ ತಾಳಲಾರದೆ, ಹೂವು ಅರಳಿದೆ, ಕೆಂಪಗಿದೆ ಎಂದು ಹೇಳಿಬಿಟ್ಟಳು. ಒಳಗೆ ಹೇಗಿದೆ ಎಂದು ಚೆಲುವಿ ಕೇಳಿದಳು. ತಾಯಿ ಹೊದಿಕೆ ಸರಿಪಡಿಸತೊಡಗಿದಳು.

"ನಿಜವಾಗಿ ಅರಳಿದಾಗ ಹೇಳು, ಅವ್ವಾ. ಅದರ ಒಳಗೆ ಏನಿದೆ ಅಂತ ನಾನು ನೋಡಬೇಕು. ಅಲ್ಲಿಯವರೆಗೆ ಇರೋಕೆ ಆಗುತ್ತಾ ನೋಡ್ತೀನಿ."

ಕೆಂಚವ್ವ ಹೊರಗೆ ಬಂದು ಗಾಳಿಯನ್ನು ಬೇಡಿಕೊಂಡಳು. ಸ್ವಲ್ಪ ಹೊತ್ತು ನಿಂತರೆ ಮಗಳನ್ನು ಹೊದಿಸಿ ಎತ್ತಿಕೊಂಡು ಬರುತ್ತೇನೆ ಎಂದಳು. ಗಾಳಿ ಅವಳ ಸುತ್ತ ಸುತ್ತುತ್ತಲೇ ನಾಚಿಕೊಂಡಿತು. ಹುಟ್ಟಿದಂದಿನಿಂದ ಓಡಿದ್ದೇ ಆಯಿತು, ನಿಲ್ಲು ಎಂದರೆ ಕಾಲು ಎಲ್ಲಿ ಊರಬೇಕೋ ತಿಳಿಯದು ಎಂದಿತು. ಗಿಡವನ್ನೇ ಮಣ್ಣಿನ ಸಮೇತ ಒಳಗೆ ಒಯ್ಯೋಣವೆಂದು ಕೆಂಚವ್ವ ಅಗೆಯಲು ಹೋದಳು. ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ಅಗೆಯುವ ಕೋಲು ಮುರಿಯಿತು. ಅವಳು ಅಲ್ಲೇ ಕುಸಿದು ಕುಳಿತಳು.

ಆಗ ಮೊಗ್ಗು ಮಾತಾಡಿತು.

"ನನ್ನನ್ನು ಕತ್ತರಿಸಿ ಒಳಗೆ ಕರೆದುಕೊಂಡು ಹೋಗು."

"ಕತ್ತರಿಸಿದರೆ ನೀನು ಇಷ್ಟಕ್ಕೇ ನಿಂತುಬಿಡುತ್ತೀಯ. ಹಸಿರು ಮೊಗ್ಗನ್ನು ಹಿಡಿದು ಅವಳಿಗೆ ಏನು ತೋರಿಸಲಿ?"

ಸುತ್ತಲಿನ ಹುಲ್ಲು ಕಿಸಕ್ಕೆಂದಿತು. ಮೈಗೆ ಬಣ್ಣವೇ ಬಂದಿಲ್ಲ, ಆಗಲೇ ನೆಂಟರ ಮನೆಗೆ ಹೊರಟಿದೆ ಎಂದು ಆಡಿಕೊಂಡಿತು. ಮೊಗ್ಗು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ತಾನು ಅರಳುವವರೆಗೆ ಉಣಿಸಬೇಕೆಂದು ಭೂಮಿತಾಯಿಯನ್ನು ಕೇಳಿತು.

ಭೂಮಿತಾಯಿಗೆ ಸಿಟ್ಟು ಬರಲಿಲ್ಲ. "ನನ್ನ ಕೈ ಬೇರಿನವರೆಗೆ ಮಾತ್ರ ಚಾಚುತ್ತದೆ, ಮಗೂ. ಬೇರು ಬಿಟ್ಟು ಹೋದವರನ್ನು ಮುಟ್ಟಲು ನನ್ನಿಂದಾಗದು" ಎಂದಳು.

ಆಗ ಮಣ್ಣಿನ ಕೆಳಗಿನಿಂದ ಗೆಡ್ಡೆಯ ದನಿ ಕೇಳಿಸಿತು. ಆ ಕಾಲದ ಗೆಡ್ಡೆಗಳು ಬೆಟ್ಟಗಳಷ್ಟೇ ಬಹುಕಾಲ ಬಾಳುತ್ತಿದ್ದವು. ವರ್ಷವರ್ಷದ ಊಟವನ್ನು ಪದರ ಪದರವಾಗಿ ಮೈಯಲ್ಲೇ ಕೂಡಿಟ್ಟುಕೊಳ್ಳುತ್ತಿದ್ದವು.

"ನನ್ನ ಹತ್ತಿರ ಬರುವ ವರ್ಷದ್ದಿದೆ. ಅದರಾಚೆಯ ವರ್ಷಗಳದ್ದೂ ಇದೆ. ಎಲ್ಲವನ್ನೂ ಈಗಲೇ ಕೊಡುತ್ತೇನೆ. ಕೊಂಡುಹೋಗು" ಎಂದಿತು ಗೆಡ್ಡೆ.

"ಆಮೇಲೆ ನಿನಗೆ?" ಎಂದಳು ಭೂಮಿತಾಯಿ.

"ನನಗೆ ಬೇಡ. ನನ್ನ ಮಗ್ಗುಲಲ್ಲಿ ಚಿಕ್ಕ ಗೆಡ್ಡೆಗಳಿವೆ. ಅವುಗಳಿಗೆ ಉಣಿಸಲು ಎರಡು ಎಲೆಗಳನ್ನು ಬಿಟ್ಟು ಕತ್ತರಿಸಲು ಹೇಳು. ಸಾಕು."

ಹೊಳೆ ತನ್ನ ದನಿ ತಗ್ಗಿಸಿತು. ಕೆಂಚವ್ವ ದಂಟನ್ನು ಮೆಲ್ಲಗೆ ಹಿಡಿದಳು. ಕೆಳಗಿನಿಂದ ಏನೋ ಏರಿಬರುತ್ತಿತ್ತು. ಆ ಕೊರೆಯುವ ಚಳಿಯಲ್ಲಿ ದಂಟು ಮಗುವಿನ ಕುತ್ತಿಗೆಯ ಹಾಗೆ ಬೆಚ್ಚಗಾಯಿತು. ಏರುವುದು ಮುಗಿಯುವವರೆಗೆ ಅವಳು ಅಲುಗಾಡಲಿಲ್ಲ. ಆಮೇಲೆ ಎರಡು ಎಲೆಗಳನ್ನು ಬಿಟ್ಟು ಕತ್ತರಿಸಿದಳು.

ಮಣ್ಣಿನ ಕುಡಿಕೆಯಲ್ಲಿ ಹಿಮದ ತಣ್ಣನೆಯ ನೀರು ತುಂಬಿ, ಮೊಗ್ಗನ್ನು ಅದರಲ್ಲಿ ನಿಲ್ಲಿಸಿ ಚೆಲುವಿಯ ತಲೆಯ ಪಕ್ಕ ಇಟ್ಟಳು. ಚೆಲುವಿ ಬಹಳ ಹೊತ್ತು ನೋಡಿದಳು. ಇದು ಹಸಿರಾಗಿದೆಯಲ್ಲ ಎಂದಳು. ಹೌದು ಎಂದಳು ತಾಯಿ. ಚೆಲುವಿ ಕುಡಿಕೆಯ ಬಾಯಿಗೆ ಅಂಗೈ ತಾಗಿಸಿ ಅದರ ಎತ್ತರ ನೋಡಿಕೊಂಡಳು.

ಮರುದಿನ ಮೊಗ್ಗಿನ ಅಂಚಿನಲ್ಲಿ ಕೆಂಪು ಗೆರೆ ಕಂಡಿತು. ಚೆಲುವಿ ಮತ್ತೆ ಅಂಗೈಯನ್ನು ಕುಡಿಕೆಯ ಬಾಯಿಗೆ ತಾಗಿಸಿ ನೆಟ್ಟಗೆ ಹಿಡಿದು ಅಳೆದಳು.

"ಇದು ಬೆಳೆದಿದೆ, ಅವ್ವಾ."

"ಕತ್ತರಿಸಿದ್ದು ಬೆಳೆಯುವುದಿಲ್ಲ, ಮಗಾ."

"ನಿನ್ನೆ ನನ್ನ ಬೆರಳ ತುದಿಗಿತ್ತು. ಇವತ್ತು ಬೆರಳು ದಾಟಿದೆ. ನೀನೇ ಬಂದು ನೋಡು."

ತಾಯಿ ಬಂದು ನೋಡಿದಳು. ನಿಜವಾಗಿತ್ತು. ಬೇರಿಲ್ಲ, ಮಣ್ಣಿಲ್ಲ, ಆದರೂ ಬೆಳೆದಿತ್ತು. ದಿನ ಕಳೆದಂತೆ ಇನ್ನೂ ಬೆಳೆಯಿತು. ಕಿಂಡಿಯ ಬೆಳಕು ಎಲ್ಲಿದೆಯೆಂದು ಹುಡುಕಿ, ಆ ಕಡೆಗೆ ಕುತ್ತಿಗೆ ಬಾಗಿಸಿತು. ಹಸಿರೆಲ್ಲ ಇಳಿದು ಕೆಂಪು ಏರಿತು.

ಒಂದು ಮಧ್ಯಾಹ್ನ ಅದು ಅರಳಿತು.

ಆ ಮನೆ ಅಲ್ಲಿಯವರೆಗೆ ಕಂಡ ಕೆಂಪೆಂದರೆ ಒಲೆಯ ಕೆಂಡ ಮಾತ್ರ. ಈ ಕೆಂಪು ಸುಡುತ್ತಿರಲಿಲ್ಲ, ಆರುತ್ತಲೂ ಇರಲಿಲ್ಲ. ಕೆಂಚವ್ವ ಚೆಲುವಿಯ ತಲೆಯನ್ನು ಎತ್ತಿ ಹಿಡಿದಳು. ಚೆಲುವಿ ಹೂವಿನೊಳಗೆ ಇಣುಕಿದಳು.

"ತಳದಲ್ಲಿ ಕಪ್ಪಿದೆ, ಅವ್ವಾ. ಇಷ್ಟೊಂದು ಕೆಂಪಿನ ಒಳಗೆ ಕಾಡಿಗೆಯಂಥ ಕಪ್ಪು. ಕಪ್ಪಿನ ಸುತ್ತ ಸಣ್ಣದಾಗಿ ಹಳದಿ." ಕಾಣದವರಿಗೆ ಹೇಳುವಂತೆ ನಿಧಾನವಾಗಿ, ಒಂದೊಂದಾಗಿ ಹೇಳಿದಳು.

ಸಂಜೆ ಬೆಳಕು ಇಳಿದಾಗ ಹೂವು ಮುಚ್ಚಿಕೊಂಡಿತು. ಅದಕ್ಕೂ ನಿದ್ದೆ ಬಂತು ಎಂದು ಚೆಲುವಿ ತಾನೂ ಕಣ್ಣು ಮುಚ್ಚಿದಳು.

ಬೆಳಗ್ಗೆ ಹೂವು ತೆರೆಯಿತು. ಚೆಲುವಿ ಕಣ್ಣು ತೆರೆಯಲಿಲ್ಲ.

ಕಣಿವೆಯವರೆಲ್ಲ ಬಂದರು. ಮಾಡಬೇಕಾದದ್ದನ್ನು ಮಾಡಿ ಹಿಂದಿರುಗಿದರು. ಕೆಂಚವ್ವ ಬರಿದಾದ ಮನೆಯೊಳಗೆ ಬಂದು, ಇನ್ನು ಇದು ಯಾರಿಗೆ ಎಂದು ಕುಡಿಕೆಯನ್ನು ಎತ್ತಿಕೊಂಡಳು. ಚೆಲ್ಲಲು ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು. ಚೆಲುವಿ ಅಳೆದಂತೆಯೇ ಅಂಗೈಯನ್ನು ಕುಡಿಕೆಯ ಬಾಯಿಗೆ ತಾಗಿಸಿ ಹಿಡಿದು ನೋಡಿದಳು. ಹೂವು ನಿನ್ನೆಗಿಂತ ಎತ್ತರವಾಗಿತ್ತು.

ಅವಳು ಕುಡಿಕೆಯನ್ನು ಒಳಗೆ ತಂದು ಮತ್ತೆ ಅದೇ ಜಾಗದಲ್ಲಿ ಇಟ್ಟಳು. ನೀರು ಬದಲಾಯಿಸಿದಳು. ಎಸಳು ಉದುರುವ ದಿನದವರೆಗೂ ಅದು ಬೆಳೆಯುತ್ತಲೇ ಇತ್ತು.

ಬಿಸಿಲು ಬಲಿತು ನೆಲ ಮೆತ್ತಗಾಯಿತು. ಆ ಎರಡು ಎಲೆಗಳು ಹಳದಿಯಾಗಿ ತಾವಾಗಿಯೇ ಮಲಗಿದವು. ಕೆಂಚವ್ವ ಅಗೆದು ನೋಡಿದಳು. ದೊಡ್ಡ ಗೆಡ್ಡೆ ಇರಲಿಲ್ಲ. ಅದರ ಕಂದು ಸಿಪ್ಪೆ ಮಾತ್ರ ಇತ್ತು, ಊದಿದರೆ ಹಾರುವಂತೆ. ಅದಕ್ಕೆ ಒತ್ತಿಕೊಂಡು ಪುಟ್ಟ ಗೆಡ್ಡೆಗಳು, ದುಂಡಗೆ, ಗಟ್ಟಿಯಾಗಿ. ಸಿಪ್ಪೆಯನ್ನು ಅಂಗೈಯಲ್ಲಿ ಇಟ್ಟುಕೊಂಡು, ಗಾಳಿಗೆ ಹಾರದಂತೆ ಅವಳು ಇನ್ನೊಂದು ಕೈ ಮುಚ್ಚಿದಳು. ಚಳಿ ಬರುವ ಮೊದಲು ಚಿಕ್ಕವನ್ನೆಲ್ಲ ನೆಟ್ಟಳು.

ಈ ಸುದ್ದಿ ಬೇರೆ ಹೂಗಳಿಗೂ ಹೋಯಿತು. ಮಲ್ಲಿಗೆ ಮೊಗ್ಗು ಕಿತ್ತ ಮೇಲೂ ಸಂಜೆಗೆ ಅರಳುವುದನ್ನು ಕಲಿತುಕೊಂಡಿತು. ಬೆಳೆಯುವುದು ಮಾತ್ರ ಅದಕ್ಕೆ ಬರಲಿಲ್ಲ.

ಆ ಪುಟ್ಟ ಗೆಡ್ಡೆಗಳ ವಂಶದ ಹೂವನ್ನೇ ಈಗ ನಾವು ಟುಲಿಪ್ ಎನ್ನುತ್ತೇವೆ, ಮಗು. ಇಂದಿಗೂ ಅದರ ತಾಯಿಗೆಡ್ಡೆ ಪ್ರತಿ ವರ್ಷ ತನ್ನನ್ನು ಪೂರ್ತಿ ಕೊಟ್ಟು, ಮಕ್ಕಳನ್ನು ಬಿಟ್ಟು, ಸಿಪ್ಪೆಯಾಗುತ್ತದೆ. ಕೆಂಪು ಟುಲಿಪ್ ಹೂವನ್ನು ಕತ್ತರಿಸಿ ನೀರಿನಲ್ಲಿಟ್ಟು ನೀನು ಮಲಗಿದರೆ, ಬೆಳಗ್ಗೆ ನೀನು ಎದ್ದು ನೋಡುವಾಗ ಅದು ನಿನ್ನೆಗಿಂತ ಒಂದಿಷ್ಟು ಎತ್ತರವಾಗಿ, ಬೆಳಕಿನ ಕಡೆಗೆ ಬಾಗಿ ನಿಂತಿರುತ್ತದೆ.