ಒದ್ದೆಸೀರೆ ಪಾರೆ

ಬಸರಿಕೋಡಿಯಲ್ಲಿ ಬಸ್ಸಿನಿಂದಿಳಿದು ಗಾಳಿಮರದ ತೋಪು ದಾಟಿ ಪಡುವಣಕ್ಕೆ ನಡೆದರೆ ಮೊದಲು ಮರಳು, ಆಮೇಲೆ ಸಮುದ್ರ, ಎಡಗಡೆ ಹೊಳೆ ಕಡಲಿಗೆ ಸೇರುವ ಅಳಿವೆಯ ಪಕ್ಕದಲ್ಲಿ ಮೂತಿ ಚಾಚಿ ಕುಳಿತ ಒಂದು ಕರಿಯ ಬಂಡೆ ಕಾಣುತ್ತದೆ. ಬಂಡೆಗೆ ನಮ್ಮಲ್ಲಿ ಪಾರೆ ಎನ್ನುತ್ತಾರೆ. ಇದರ ನೆತ್ತಿಯಿಂದ ನೀರಿನ ಅಂಚಿನವರೆಗೆ ಒಂದು ಕೆಂಪು ಪಟ್ಟೆ ಇಳಿದಿದೆ, ಯಾರೋ ಸೀರೆ ಹರವಿ ಮರೆತುಹೋದ ಹಾಗೆ. ಇಂಥ ಇನ್ನೊಂದು ಪಾರೆಯನ್ನು ಈ ಕರಾವಳಿಯಲ್ಲಿ ಯಾರಾದರೂ ತೋರಿಸಿದರೆ ನಾನು ಮೀಸೆ ಬೋಳಿಸುತ್ತೇನೆ. ಮಳೆ ಮುಗಿದು ನವರಾತ್ರಿಯ ಎಳೆಬಿಸಿಲು ಬಿತ್ತೆಂದರೆ ಪ್ರವಾಸಿಗರು ಬರಲು ಶುರು. ‘ಈ ಸೀಸನ್ನಿನಲ್ಲಿ ನೀವು ಊರಿನವರು ಏನು ಮಾಡುತ್ತೀರಿ, ನಾವೂ ಹಾಗೆಯೇ ಮಾಡಬೇಕು’ ಎಂದು ಕೇಳುತ್ತಾರೆ. ಕೇಳಿದವರು ಉತ್ತರಕ್ಕೆ ನಿಲ್ಲುವುದಿಲ್ಲ. ನೆಟ್ಟಗೆ ಹೋಗಿ ಮಿಂದು, ಮೈ ಒರೆಸಿದ ಟವೆಲನ್ನು ಅದೇ ಪಾರೆಯ ಮೇಲೆ ಹರವುತ್ತಾರೆ. ತೆಗೆಯಿರಿ ಎಂದರೆ ‘ಯಾಕೆ, ಬೋರ್ಡ್ ಎಲ್ಲಿದೆ?’ ಎನ್ನುತ್ತಾರೆ. ಹೇಳಿ ಹೇಳಿ ನನ್ನ ಗಂಟಲಿನ ಪಸೆ ಆರಿದೆ. ಆದ್ದರಿಂದ ಈ ಸಲ ಬರೆದೇ ಬಿಡುತ್ತಿದ್ದೇನೆ. ಈ ಪಾರೆಯ ಕತೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ಊರಿನಲ್ಲಿ ಇಲ್ಲ, ಯಾಕೆಂದರೆ ಕತೆ ನಮ್ಮ ಮನೆಯದೇ.

ಹಿಂದೆ ಒಮ್ಮೆ, ದೋಣಿಗೆ ಯಂತ್ರ ಬರುವುದಕ್ಕೆ ಬಹಳ ಮೊದಲು, ಬಸರಿಕೋಡಿಯ ಮೊಗವೀರರದ್ದು ಒಂದೇ ಒಂದು ದೊಡ್ಡ ರಂಪಣಿ ಬಲೆ ಇತ್ತಂತೆ. ಪ್ರತಿ ಮನೆಯವರೂ ಒಂದೊಂದು ತುಂಡು ಹೆಣೆದು ತಂದು ಜೋಡಿಸಿದ ಬಲೆ ಅದು. ದೋಣಿಯಲ್ಲಿ ಕೊಂಡುಹೋಗಿ ಕಡಲಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು, ಎರಡೂ ತುದಿಯ ಹಗ್ಗ ಹಿಡಿದು ಊರಿಗೆ ಊರೇ ದಡದಿಂದ ಎಳೆಯಬೇಕು. ಹಗ್ಗಕ್ಕೆ ಯಾರು ಕೈ ಹಾಕಿದರೂ ಪಾಲು ಕೊಡಬೇಕು, ಇಲ್ಲವೆನ್ನುವಂತಿಲ್ಲ. ಕರಾವಳಿಯ ಉದ್ದಕ್ಕೂ ಇದೇ ಕಟ್ಟಳೆ. ಮಳೆಗಾಲ ಮುಗಿದ ಮೇಲೆ ಬಂಗುಡೆ ಮೀನಿನ ಹಿಂಡು ದಡದ ಹತ್ತಿರ ಬರುವುದನ್ನು ನೋಡಲು ಪಾರೆಯ ಮೇಲೆ ಒಬ್ಬ ಕಾವಲು ಕೂರುತ್ತಿದ್ದ. ಹಿಂಡು ಒಳಗೆ ತಿರುಗಿದರೆ ಅವನು ಕೆಂಪು ಬಟ್ಟೆ ಹಿಡಿಯಬೇಕು. ಕೆಂಪು ಕಂಡರೆ ದೋಣಿ ನೀರಿಗೆ. ಅದಕ್ಕೆ ಎರಡನೆಯ ಮಾತಿಲ್ಲ. ಕೆಂಪು ಕಂಡ ಮೇಲೂ ಯೋಚಿಸುತ್ತ ನಿಲ್ಲುವವನು ಮೊಗವೀರನೇ ಅಲ್ಲ ಎಂದು ನಮ್ಮವರು ಎದೆ ತಟ್ಟಿ ಹೇಳುತ್ತಿದ್ದರು. ನಾವು ಈಗಲೂ ಹೇಳುತ್ತೇವೆ.

ಆ ವರ್ಷ ಕಡಲು ನವರಾತ್ರಿಯವರೆಗೂ ಮೊರೆಯುತ್ತಲೇ ಇತ್ತಂತೆ. ಒಣಮೀನು ಮುಗಿದು, ಗಂಜಿಗೆ ಹುಣಸೆಹುಳಿ ನೆಂಚಿಕೊಳ್ಳುವ ಸ್ಥಿತಿ. ಬಿಸಿಲು ಬಿದ್ದ ಮೊದಲ ಬೆಳಿಗ್ಗೆಯೇ ದೋಣಿಗೆ ಬಲೆ ತುಂಬಿಸಿಟ್ಟು ಎಲ್ಲರೂ ಮರಳಿನ ಮೇಲೆ ಕಾದು ಕುಳಿತರು. ಪಾರೆಯ ಮೇಲೆ ಬಚ್ಚ ಮರಕಾಲ ಎಂಬ ಮುದುಕ ಕಾವಲಿಗಿದ್ದ. ಮೂರು ತಿಂಗಳ ಥಂಡಿ ತಿಂದ ಮೈಗೆ ಆ ಬಿಸಿಲು ಹಿತವಾಗಿ, ಅವನು ಕುಳಿತಲ್ಲೇ ತೂಕಡಿಸಿದ. ನಮ್ಮ ಮನೆಯ ನರ್ಸಿ ಎಂಬವಳಿಗೆ ಆಗ ಹೊಸ ಸೊಸೆ ಬಂದಿದ್ದಳು. ಮುತ್ತು ಎಂದು ಹೆಸರು. ಒಳನಾಡಿನ ಹೊಳೆಬದಿಯ ಹುಡುಗಿ. ಹೊಳೆಮೀನು ಗೊತ್ತು, ಕಡಲು ಗೊತ್ತಿಲ್ಲ. ಅವಳ ತವರಿನಲ್ಲಿ ಮಳೆ ನಿಂತು ಬಿಸಿಲು ಬಿದ್ದ ದಿನ ಪೆಟ್ಟಿಗೆ ತೆರೆದು ಬಟ್ಟೆಯನ್ನೆಲ್ಲ ಬಂಡೆಯ ಮೇಲೆ ಒಣಹಾಕುವ ರೂಢಿ. ಇಲ್ಲಿ ಪೆಟ್ಟಿಗೆ ತೆರೆದರೆ ಧಾರೆಸೀರೆಗೆ ಬೂಷ್ಟು ಹಿಡಿದಿತ್ತು. ಅವಳು ಅದನ್ನು ತೊಳೆದು ಹಿಂಡಿ ಪಾರೆ ಹತ್ತಿದಳು. ಹಿರಿಯರು ಮಲಗಿದ್ದಾರೆ, ಎಚ್ಚರವಾಗಬಾರದು ಎಂದು ತುದಿಗಾಲಲ್ಲಿ ನಡೆದು, ಸದ್ದಿಲ್ಲದೆ ಸೀರೆಯನ್ನು ಉದ್ದಕ್ಕೆ ಹರವಿ, ಇಳಿದು ಬಂದಳು. ಅಪ್ಪಟ ಕೆಂಪು ಸೀರೆ.

ಮುಂದೆ ಆದದ್ದನ್ನು ಹೇಳುವಾಗ ನನಗೆ ಈಗಲೂ ಮೈ ಉರಿಯುತ್ತದೆ. ಒಬ್ಬನಾದರೂ ತಲೆಯೆತ್ತಿ, ಬಟ್ಟೆ ಇಷ್ಟು ಉದ್ದ ಯಾಕಿದೆ ಎಂದು ಕೇಳಬಾರದೇ? ಕೇಳಲಿಲ್ಲ. ಹೋ ಎಂದು ಕೂಗಿ ದೋಣಿ ದೂಡಿದರು, ಬಲೆ ಬಿಟ್ಟರು, ಹೆಂಗಸರು ಮಕ್ಕಳೆಲ್ಲ ಹಗ್ಗ ಹಿಡಿದು ನಡು ಮುರಿಯುವಂತೆ ಎಳೆದರು. ಬಲೆ ಭಾರವಾಗಿತ್ತು. ಭಾರ ಕಂಡು ಇನ್ನಷ್ಟು ಹುರುಪಿನಿಂದ ಎಳೆದರು. ದಡಕ್ಕೆ ಬಂದದ್ದು ಬರೀ ಲೋಳೆಮೀನು, ತಿನ್ನಲೂ ಬಾರದ, ಮುಟ್ಟಿದರೆ ತುರಿಸುವ ಲೋಳೆಮೀನಿನ ರಾಶಿ. ಅದೇ ಹೊತ್ತಿಗೆ ನಿಜವಾದ ಬಂಗುಡೆಯ ಹಿಂಡು ಬಡಗಣದಿಂದ ನೀರನ್ನು ಕಪ್ಪಾಗಿಸುತ್ತ ನಮ್ಮ ದಡದ ಎದುರಿಗೇ ಬಂತು. ಬಲೆ ಲೋಳೆಯಲ್ಲಿ ಮುದ್ದೆಯಾಗಿ ಮರಳಿನ ಮೇಲೆ ಬಿದ್ದಿತ್ತು. ಊರಿಗೆ ಊರೇ ಸೊಂಟಕ್ಕೆ ಕೈಯಿಟ್ಟು ನಿಂತು, ಮೀನು ತಮ್ಮ ಕಣ್ಣೆದುರಿಗೇ ತೆಂಕಣಕ್ಕೆ ಮೆರವಣಿಗೆ ಹೋಗುವುದನ್ನು ನೋಡಿತು.

ಮೊದಲು ಬಚ್ಚ ಮರಕಾಲನನ್ನು ಹಿಡಿದರು. “ನಾ ನಿದ್ರಿ ಮಾಡ್ಲಿಲ್ಲ, ಕಣ್ಣ್ ಮುಚ್ಚ್ಕಂಡ್ ಕಾಣ್ತಿದ್ದೆ” ಎಂದನಂತೆ ಆ ಪುಣ್ಯಾತ್ಮ. ಆಮೇಲೆ ಎಲ್ಲರ ಕಣ್ಣೂ ಸೀರೆಯ ಮೇಲೆ ಬಿತ್ತು. ನರ್ಸಿಗೆ ಅವಮಾನದಿಂದ ತಲೆ ಸಿಡಿಯಿತು.

“ಹೆಣೆ, ಇಡೀ ಊರಲ್ ನಿಂಗೆ ಸೀರಿ ಒಣಗ್ಸುಕೆ ಬೇರೆ ಜಾಗವೇ ಸಿಕ್ಲಿಲ್ಯಾ?”

“ಅಲ್ಲ್ ಬಿಸ್ಲ್ ಲಾಯ್ಕ್ ಇತ್ತ್ ಅತ್ತೆ” ಎಂದಳು ಮುತ್ತು, ಇದ್ದದ್ದನ್ನು ಇದ್ದ ಹಾಗೆ.

“ಹಂಗಾರೆ ಅಲ್ಲೇ ಕೂಕೋ! ಅದ್ ಒಣಗಿದ್ ಮೇಲೆ ನನ್ ಹೊಸಿಲ್ ದಾಟ್, ಅಲ್ಲಿವರೆಗೆ ಮುಖ ತೋರ್ಸ್ಬೇಡ!”

ಮುತ್ತು ಪಾರೆ ಹತ್ತಿ ಸೀರೆಯ ಪಕ್ಕ ಕುಳಿತಳು. ಗಂಡ ದೋಣಿಯ ಹಿಂದೆ ನಿಂತು ನೆಲ ನೋಡುತ್ತಿದ್ದನಂತೆ. ಅವನ ವಿಷಯ ಬಿಡಿ. ಬಿಸಿಲು ಏರಿತು, ಗಾಳಿ ಬೀಸಿತು, ಸೀರೆ ಮಾತ್ರ ಒಣಗಲಿಲ್ಲ. ಆ ಪಾರೆಯ ಬಿರುಕಿನಿಂದ ಮಳೆಗಾಲದ ಒರತೆ ಜಿನುಗುತ್ತಿತ್ತು. ಮೇಲಿನ ಪದರ ಆರಿದಷ್ಟೂ ಕೆಳಗಿನದು ನೆನೆಯುತ್ತಿತ್ತು. ಮಗುಚಿ ಹಾಕಿದಳು, ಹಿಂಡಿ ಹಾಕಿದಳು, ಕೊಡವಿ ಹಾಕಿದಳು. ಇಲ್ಲ. ಹೊತ್ತು ಇಳಿಯುತ್ತ ಬಂದಾಗ, ತನಗೆ ಇನ್ನು ಆ ಮನೆಯ ಬಾಗಿಲಿಲ್ಲ ಎಂದು ಅವಳಿಗೆ ಅನಿಸಿತಂತೆ. ಆಗಲೇ ಅಳಿವೆಯ ಆಚೆ, ತೆಂಕಕೋಡಿಯ ದಡದಲ್ಲಿ ಕೂಗೆದ್ದಿತು. ನಮ್ಮ ಕೈಬಿಟ್ಟ ಹಿಂಡು ಅವರ ಬಲೆಗೆ ತಿರುಗಿತ್ತು.

ತೆಂಕಕೋಡಿ ಎಂದರೆ ನಮಗೆ ಆಗದ ಊರು. ಅವರ ಬಾವಿಯ ನೀರು ಕುಡಿಯುವುದಕ್ಕಿಂತ ಬಾಯಾರಿ ಸಾಯುವುದು ಲೇಸು ಎನ್ನುವಷ್ಟು ಸೊಕ್ಕು ನಮ್ಮವರಿಗೆ, ನಾನೇನು ಅಲ್ಲಗಳೆಯುವುದಿಲ್ಲ. ಆದರೆ ಮುತ್ತುವಿಗೆ ಈ ಹಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಹಗ್ಗದ ಕಟ್ಟಳೆ ಮಾತ್ರ. ಅವಳು ಇಳಿತದ ನೀರಿನಲ್ಲಿ ಅಳಿವೆ ದಾಟಿ, ಸೆರಗು ಬಿಗಿದು ಅವರ ಹಗ್ಗಕ್ಕೆ ಕೈ ಹಾಕಿದಳು. ಅವರ ಮುಖಂಡ ಗುರುತು ಹಿಡಿದು ನಕ್ಕ. “ಬಸರಿಕೋಡಿಯರ್ ನಮ್ ಹಗ್ಗ ಮುಟ್ಟುದಾ? ಇವತ್ತ್ ಸೂರ್ಯ ಪಡುಬದಿಯಲ್ ಹುಟ್ಟಿದ್ನಾ ಕಾಣಿ!”

“ಹಗ್ಗ ಊರ್ ಯಾವ್ದಂತ ಕೇಣತ್ತಾ ಅಯ್ಯ? ಎಳಿನಿ, ಮೀನ್ ಹೋತ್” ಎಂದಳು ಇವಳು.

ದೀಪ ಹಚ್ಚುವ ಹೊತ್ತಿಗೆ ಮುತ್ತು ಬುಟ್ಟಿ ತುಂಬ ಬಂಗುಡೆ ಹೊತ್ತು ಬಂದು ಹೊಸಿಲಿನ ಹೊರಗೆ ನಿಂತಳು. ಒಳಗೆ ಒಲೆಯ ಮೇಲೆ ಬರೀ ನೀರು ಕುದಿಯುತ್ತಿತ್ತು. ಅಂಗಳದಲ್ಲಿ ಸೇರಿದ್ದ ಗಂಡಸರು ‘ತೆಂಕಕೋಡಿಯ ಮೀನು ನಮಗೆ ಬೇಡ’ ಎಂದು ಗುಡುಗಿದರು. ನರ್ಸಿ ಬುಟ್ಟಿ ನೋಡಿದಳು, ಸೊಸೆಯ ಕೈ ನೋಡಿದಳು. ಒರಟು ಹಗ್ಗಕ್ಕೆ ಅಂಗೈ ಸುಲಿದುಹೋಗಿತ್ತು.

“ಸೀರಿ ಒಣಗ್ಲಿಲ್ಲ ಅತ್ತೆ.”

ನರ್ಸಿ ಹಣೆ ಚಚ್ಚಿಕೊಂಡಳು. ಗಂಡಸರ ಕಡೆಗೆ ತಿರುಗಿ, “ಮೂರ್ ತಿಂಗ್ಳಿಂದ ಸೊಕ್ಕನ್ನೇ ಉಂಡ್ರಿ, ಹೊಟ್ಟಿ ತುಂಬಿತಾ?” ಎಂದು ಕೇಳಿದಳು. ಆಮೇಲೆ ಸೊಸೆಗೆ, “ಸೀರಿ ಒದ್ದೆಯೇ ಇರ್ಲಿ ಅತ್ಲಾಗೆ. ನೀ ಒಳಗ್ ಬಾ, ಮಸಾಲಿ ಕಡಿ” ಎಂದಳು. ಸಾರಿನ ಕಂಪು ಕೇರಿಯನ್ನೆಲ್ಲ ಸುತ್ತಿತು. ಮರುದಿನ ಇಳಿತದ ಹೊತ್ತಿಗೆ, ಗುಡುಗಿದ ಗಂಡಸರೇ ಎಲ್ಲರಿಗಿಂತ ಮುಂದಾಗಿ ಅಳಿವೆ ದಾಟಿ ತೆಂಕಕೋಡಿಯ ಹಗ್ಗಕ್ಕೆ ಕೈ ಹಾಕಿದರಂತೆ. ಮುತ್ತು ಮಾತ್ರ ಆ ಸೀರೆ ತರಲು ಹೋಗಲೇ ಇಲ್ಲ. ಅದು ಅಲ್ಲಿಯೇ ಕಲ್ಲಿಗೆ ಅಂಟಿ ಕಲ್ಲೇ ಆಯಿತು ಎನ್ನುತ್ತಾರೆ.

ಅಂದಿನಿಂದ ಬಸರಿಕೋಡಿಯಲ್ಲಿ ಹೊಸ ಋತುವಿನ ಮೊದಲ ಬುಟ್ಟಿ ಬಂಗುಡೆಯನ್ನು ನಾವು ತಿನ್ನುವ ಮೊದಲು ತೆಂಕಕೋಡಿಗೆ ಹೊತ್ತು ಕೊಡುತ್ತೇವೆ. ಅವರು ತೆಗೆದುಕೊಂಡು ಸುಮ್ಮನಿರಬಾರದೇ? ಪ್ರತಿ ವರ್ಷವೂ ಕೇಳುತ್ತಾರೆ, “ಸೀರಿ ಒಣಗಿತಾ?” ಹೋದ ವರ್ಷ ಬುಟ್ಟಿ ಹೊತ್ತವನು ನಾನು. ದಾರಿಯುದ್ದಕ್ಕೂ ಮುಖಕ್ಕೆ ಹೊಡೆದಂಥ ಒಂದು ಉತ್ತರವನ್ನು ಹೊಸೆದುಕೊಂಡು ಹೋಗಿದ್ದೆ. ದಡದಲ್ಲಿ ಒಬ್ಬಳು ಹಲ್ಲಿಲ್ಲದ ಮುದುಕಿ ಕಾದು ನಿಂತಿದ್ದು ಅದನ್ನೇ ಕೇಳಿದಳು. ಬುಟ್ಟಿ ಇಳಿಸಿ “ಇನ್ನೂ ಇಲ್ಲ ಅಜ್ಜಿ” ಎಂದೆ. ಆ ಉತ್ತರ ಬಿಟ್ಟು ಬೇರೆ ಉತ್ತರ ಹೇಳಿದರೆ ಅದು ಸುಳ್ಳಾಗುತ್ತದೆ.

ಊರಿನವರ ಹಾಗೆ ಈ ಕಾಲವನ್ನು ಸವಿಯಬೇಕೆಂದು ಬರುವವರು ಬೆಳಿಗ್ಗೆ ಮರಳಿಗೆ ಬನ್ನಿ, ಹಗ್ಗಕ್ಕೆ ಕೈ ಹಾಕಿ; ನಿಮ್ಮ ಪಾಲು ನಿಮಗೆ ಸಿಗುತ್ತದೆ, ಊರು ಯಾವುದೆಂದು ಯಾರೂ ಕೇಳುವುದಿಲ್ಲ. ಆಮೇಲೆ ನೆತ್ತಿ ಸುಡುವ ಮಧ್ಯಾಹ್ನ ಪಾರೆ ಹತ್ತಿ. ಸುತ್ತ ಕಲ್ಲೆಲ್ಲ ಕಾದ ಕಾವಲಿಯಂತಿರುತ್ತದೆ, ಆ ಕೆಂಪು ಪಟ್ಟೆ ಮಾತ್ರ ಒದ್ದೆ. ನಂಬಿಕೆ ಬರದಿದ್ದರೆ ಅಂಗೈ ಇಟ್ಟು ನೋಡಿ. ಅಂಗೈ ಎಂದೆ, ಮಾರಾಯ್ರೇ. ಟವೆಲ್ ಅಲ್ಲ.